ಎಐ ಬಂದ ಮೇಲೆ ಮ್ಯಾನ್‌ಪವರ್ ಏಜೆನ್ಸಿಗಳ ಗತಿ ಏನು? ಕೋಲಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದಲ್ಲಿ ಒಂದು ಸಣ್ಣ ಏಜೆನ್ಸಿಯಲ್ಲಿ ಕೆಲಸ ಮಾಡುತ್ತೇನೆ. ನರಸಾಪುರ, ವೇಮಗಲ್, ಮಾಲೂರಿನ ಫ್ಯಾಕ್ಟರಿಗಳಿಗೆ ಜನ ಹುಡುಕಿ ಕಳಿಸುವುದು ನಮ್ಮ ಕೆಲಸ. ಕೆಲಸ ಕೇಳಿಕೊಂಡು ಬರುವ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮ, ಕಂಪನಿಗಳ ಎಚ್‌ಆರ್‌ನವರು, ನಮ್ಮ ಹಾಗೇ ಏಜೆನ್ಸಿ ನಡೆಸುವವರು, ಎಲ್ಲರ ಬಾಯಲ್ಲೂ ಈಗ ಎಐ ಮಾತೇ. ಒಬ್ಬೊಬ್ಬರಿಗೆ ಒಂದೊಂದು ಭಯ. ಅವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟು, ನನಗೆ ಸರಿ ಅನ್ನಿಸಿದ ಉತ್ತರ ಬರೆದಿದ್ದೇನೆ.

ಇನ್ನು ಏಜೆನ್ಸಿಗಳೆಲ್ಲ ಮುಚ್ಚಿ ಹೋಗ್ತವಾ?

ಕೆಲವು ಖಂಡಿತ ಮುಚ್ಚುತ್ತವೆ. ಒಬ್ಬರು ಕಳಿಸಿದ ಬಯೋಡೇಟಾವನ್ನು ಇನ್ನೊಬ್ಬರಿಗೆ ಮೇಲ್ ಮಾಡಿ ಕಮಿಷನ್ ತಗೊಳ್ಳುವುದೇ ಪೂರ್ತಿ ಕೆಲಸವಾಗಿದ್ದರೆ, ಅಂಥ ಏಜೆನ್ಸಿಗೆ ಜಾಸ್ತಿ ದಿನ ಉಳಿಗಾಲವಿಲ್ಲ. ಆ ಕೆಲಸವನ್ನು ಸಾಫ್ಟ್‌ವೇರ್ ಕ್ಷಣದಲ್ಲಿ ಮುಗಿಸುತ್ತದೆ.

ಆದರೆ ಈ ಮಾತು ಹೊಸದೇನಲ್ಲ. ಇಂಟರ್‌ನೆಟ್‌ನಲ್ಲಿ ಕೆಲಸ ಹುಡುಕುವ ತಾಣಗಳ ಪೈಕಿ 1997ರಲ್ಲಿ ನೌಕ್ರಿ ಬಂತು, 2003ರಲ್ಲಿ ಲಿಂಕ್ಡ್‌ಇನ್ ಬಂತು. ಕಂಪನಿ ಮತ್ತು ಅಭ್ಯರ್ಥಿ ನೇರವಾಗಿ ಮಾತಾಡಿಕೊಳ್ಳುವ ದಾರಿ ಆಗಲೇ ಸಿಕ್ಕಿತ್ತು. ಆದರೂ ಬೆಂಗಳೂರಿನ ಮ್ಯಾನ್‌ಪವರ್ ಕಂಪನಿಗಳಾದ ಟೀಮ್‌ಲೀಸ್ 2002ರಲ್ಲಿ, ಕ್ವೆಸ್ 2007ರಲ್ಲಿ ಶುರುವಾಗಿ ದೊಡ್ಡದಾಗಿ ಬೆಳೆದವು. ಯಾಕೆ ಅಂದರೆ ಕಂಪನಿಗಳಿಗೆ ಬೇಕಾಗಿದ್ದು ಹೆಸರುಗಳ ಪಟ್ಟಿ ಮಾತ್ರ ಆಗಿರಲಿಲ್ಲ. ಸಂಬಳ ಹಾಕಬೇಕು, ಪಿಎಫ್ ಕಟ್ಟಬೇಕು, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ನೋಂದಣಿ ಮಾಡಿಸಬೇಕು, ಬಿಟ್ಟು ಹೋದವರ ಜಾಗಕ್ಕೆ ನಾಳೆಯೇ ಇನ್ನೊಬ್ಬರು ಬರಬೇಕು. ಇದಕ್ಕೆಲ್ಲ ಹೊಣೆ ಹೊರುವ ಒಬ್ಬರು ಬೇಕಿತ್ತು.

ನಮ್ಮ ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿ ನೋಡಿ. ತಕ್ಕಡಿ ಎಷ್ಟೇ ಡಿಜಿಟಲ್ ಆಗಲಿ, ಸಂಜೆ ದುಡ್ಡಿಗೆ ಯಾರು ಜವಾಬು ಅನ್ನುವುದನ್ನೇ ರೈತ ಮೊದಲು ಕೇಳುವುದು. ಕೆಲಸ ಕೊಡಿಸುವ ದಂಧೆಯಲ್ಲೂ ಹಾಗೇ. ಆರಿಸುವ ಕೆಲಸ ಯಂತ್ರಕ್ಕೆ ಹೋಗುತ್ತದೆ. ಜವಾಬ್ದಾರಿ ಹೊರುವ ಕೆಲಸ ಮನುಷ್ಯರ ಹತ್ತಿರವೇ ಉಳಿಯುತ್ತದೆ. ಯಾವ ಏಜೆನ್ಸಿ ಆ ಜವಾಬ್ದಾರಿ ಹೊರುತ್ತದೋ ಅದು ಬದುಕುತ್ತದೆ ಅಂತ ನಾನು ನಂಬುತ್ತೇನೆ.

ಕನ್ಸಲ್ಟೆನ್ಸಿ, ಮ್ಯಾನ್‌ಪವರ್, ಲೇಬರ್ ಕಾಂಟ್ರಾಕ್ಟರ್ ಎಲ್ಲಾ ಒಂದೇನಾ?

ಒಂದೇ ಅಲ್ಲ. ಎಐ ಹೊಡೆತವೂ ಎಲ್ಲರಿಗೂ ಒಂದೇ ಥರ ಬೀಳುವುದಿಲ್ಲ.

ಕನ್ಸಲ್ಟೆನ್ಸಿ ಅಂದರೆ ಜನ ಹುಡುಕಿಕೊಟ್ಟು ಒಂದು ಸಲ ಫೀಸ್ ತಗೊಳ್ಳುವವರು. ವರ್ಷದ ಸಂಬಳದ ಶೇಕಡಾ 8.33, ಅಂದರೆ ಒಂದು ತಿಂಗಳ ಸಂಬಳ, ಬಹಳ ಕಡೆ ನಡೆಯುವ ಲೆಕ್ಕ. ವರ್ಷಕ್ಕೆ 3 ಲಕ್ಷದ ಕೆಲಸಕ್ಕೆ ಸುಮಾರು 25,000 ರೂಪಾಯಿ. ಕೊಡಬೇಕಾದವರು ಕಂಪನಿಯವರು. ಸೇರಿದವರು ಮೊದಲ ಕೆಲವು ತಿಂಗಳಲ್ಲೇ ಬಿಟ್ಟರೆ ಇನ್ನೊಬ್ಬರನ್ನು ಪುಕ್ಕಟೆ ಕೊಡಬೇಕು ಅನ್ನುವ ಷರತ್ತೂ ಇರುತ್ತದೆ.

ಮ್ಯಾನ್‌ಪವರ್ ಏಜೆನ್ಸಿ ಅಥವಾ ಕಾಂಟ್ರಾಕ್ಟರ್ ವಿಷಯ ಬೇರೆ. ಅಲ್ಲಿ ಕೆಲಸಗಾರ ಏಜೆನ್ಸಿಯ ರೋಲ್‌ನಲ್ಲೇ, ಅಂದರೆ ಅವರ ನೌಕರರ ಪಟ್ಟಿಯಲ್ಲೇ ಇರುತ್ತಾನೆ. ದುಡಿಯುವುದು ಕಂಪನಿಯಲ್ಲಿ, ಸಂಬಳ ಬರುವುದು ಏಜೆನ್ಸಿಯಿಂದ. ತಲೆಗೆ ಇಷ್ಟು ಅಂತ ಏಜೆನ್ಸಿ ಪ್ರತಿ ತಿಂಗಳು ಸರ್ವಿಸ್ ಚಾರ್ಜ್ ಪಡೆಯುತ್ತದೆ.

ಎಐಯಿಂದ ಮೊದಲು ಅಲುಗಾಡುವುದು ಕನ್ಸಲ್ಟೆನ್ಸಿ. ಅದರಲ್ಲೂ ಆಫೀಸ್ ಕೆಲಸ, ಸಾಫ್ಟ್‌ವೇರ್, ಬಿಪಿಒ ಕೆಲಸಗಳಿಗೆ ಜನ ಹುಡುಕುವವರು. ಫ್ಯಾಕ್ಟರಿಗೆ ಜನ ಕಳಿಸುವ ಕಾಂಟ್ರಾಕ್ಟರ್‌ಗೆ ಹೊಡೆತ ನಿಧಾನವಾಗಿ ಬರುತ್ತದೆ.

ಎಐ ಈಗಾಗಲೇ ಏನೇನು ಮಾಡ್ತಿದೆ?

ಕೆಲಸದ ಜಾಹೀರಾತು ಬರೆಯುತ್ತದೆ. ಸಾವಿರಾರು ಬಯೋಡೇಟಾ ಓದಿ ಅಂಕ ಕೊಡುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಪ್ರಶ್ನೆ ಕೇಳಿ ಉತ್ತರ ತುಂಬಿಕೊಳ್ಳುತ್ತದೆ. ಇಂಟರ್‌ವ್ಯೂ ದಿನ ಗೊತ್ತು ಮಾಡುತ್ತದೆ. ಕೆಲವು ಕಡೆ ಮೊದಲ ಸುತ್ತಿನ ಫೋನ್ ಇಂಟರ್‌ವ್ಯೂ ಕೂಡ ಅದರದ್ದೇ. 2024ರ ಅಕ್ಟೋಬರ್‌ನಲ್ಲಿ ಲಿಂಕ್ಡ್‌ಇನ್ ಹೈರಿಂಗ್ ಅಸಿಸ್ಟೆಂಟ್ ಅನ್ನುವ ಎಐ ಸಹಾಯಕನನ್ನು ಹೊರತಂದಿತು. ಕೆಲಸದ ವಿವರ ಕೊಟ್ಟರೆ ತಾನೇ ಜನ ಹುಡುಕಿ ಪಟ್ಟಿ ಮಾಡುತ್ತದೆ. ಏಜೆನ್ಸಿಗೆ ಹೊಸದಾಗಿ ಸೇರಿದ ರಿಕ್ರೂಟರ್‌ಗೆ ಮೊದಲ ವರ್ಷ ಕೊಡುತ್ತಿದ್ದ ಕೆಲಸವೇ ಅದು.

ನನ್ನ ಬಯೋಡೇಟಾ ಮನುಷ್ಯರು ನೋಡೋದೇ ಇಲ್ವಂತೆ, ಮೆಷಿನ್ನೇ ಬಿಸಾಕುತ್ತಂತೆ. ನಿಜಾನಾ?

ಅರ್ಧ ನಿಜ. ದೊಡ್ಡ ಕಂಪನಿಗಳು ಅರ್ಜಿಗಳನ್ನು ಒಂದು ಸಾಫ್ಟ್‌ವೇರ್‌ನಲ್ಲಿ ಇಡುತ್ತವೆ. ಅದು ಬಯೋಡೇಟಾ ಓದಿ ಹೆಸರು, ಓದು, ಅನುಭವ, ಕೌಶಲ ಬಿಡಿಸಿಕೊಂಡು ಕೆಲಸದ ವಿವರದ ಜೊತೆ ಹೋಲಿಸುತ್ತದೆ. ಹೊಂದಿಕೆ ಜಾಸ್ತಿ ಇದ್ದವರು ಪಟ್ಟಿಯ ಮೇಲೆ ಬರುತ್ತಾರೆ, ಉಳಿದವರು ಕೆಳಗೆ. ಕೆಳಗಿನವರನ್ನು ಎಚ್‌ಆರ್ ನೋಡಲು ಅಡ್ಡಿಯೇನಿಲ್ಲ. ಆದರೆ ನೋಡಲು ಪುರುಸೊತ್ತು ಇರುವುದಿಲ್ಲ. ಹಾಗಾಗಿ ಕೆಳಗೆ ಬಿದ್ದವರು ಬಿದ್ದ ಹಾಗೇ ಇರುತ್ತಾರೆ.

ನಮ್ಮ ಕಡೆಯ ಹುಡುಗರ ತೊಂದರೆ ಬೇರೆ. ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ ಬಯೋಡೇಟಾ ಎಲ್ಲರದ್ದೂ ಒಂದೇ ಥರ ಇರುತ್ತದೆ. ಚೌಕಾಕಾರದ ಕೋಷ್ಟಕ, ಸುತ್ತ ಹೂವಿನ ಅಂಚು, ಕೊನೆಗೆ ಹವ್ಯಾಸ ಕ್ರಿಕೆಟ್. ಅದನ್ನೇ ಮೊಬೈಲ್‌ನಲ್ಲಿ ಫೋಟೊ ಹೊಡೆದು ಕಳಿಸುತ್ತಾರೆ. ಓರೆಯಾಗಿ ತೆಗೆದ ಫೋಟೊ, ಒಂದರೊಳಗೊಂದು ಇರುವ ಕೋಷ್ಟಕ, ಎರಡರಲ್ಲೂ ಸಾಫ್ಟ್‌ವೇರ್ ತಡವರಿಸುತ್ತದೆ. ಐಟಿಐ ಪಾಸಾದವನನ್ನು ಬರೀ ಎಸ್‌ಎಸ್‌ಎಲ್‌ಸಿ ಅಂತ ಓದಿಕೊಂಡರೂ ಆಶ್ಚರ್ಯವಿಲ್ಲ.

ಆದ್ದರಿಂದ ಸಾದಾ ಪಿಡಿಎಫ್ ಮಾಡಿ. ಒಂದೇ ಕಾಲಂನಲ್ಲಿ, ಒಂದರ ಕೆಳಗೆ ಒಂದು. ಟ್ರೇಡ್ ಹೆಸರು ಪೂರ್ತಿ ಬರೆಯಿರಿ: ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್. ಸರ್ಟಿಫಿಕೇಟ್ ಎನ್‌ಸಿವಿಟಿಯದೋ (ರಾಷ್ಟ್ರ ಮಟ್ಟದ್ದು) ಎಸ್‌ಸಿವಿಟಿಯದೋ (ರಾಜ್ಯ ಮಟ್ಟದ್ದು) ಅನ್ನುವುದನ್ನೂ ಹಾಕಿ. "ಮೆಷಿನ್ ಕೆಲಸ ಬರುತ್ತದೆ" ಅನ್ನುವ ಬದಲು ಯಾವ ಮೆಷಿನ್ ಅಂತ ಹೇಳಿ. ಸಿಎನ್‌ಸಿ, ವಿಎಂಸಿ, ಸೋಲ್ಡರಿಂಗ್, ಎಸ್‌ಎಂಟಿ ಲೈನ್, ವರ್ನಿಯರ್ ಹಿಡಿದು ಅಳತೆ ತೆಗೆಯುವುದು, ನೀವು ಮಾಡಿದ್ದು ಏನಿದೆಯೋ ಅದನ್ನು. ಮಾಡದ್ದನ್ನು ಮಾತ್ರ ಬರೆಯಬೇಡಿ. ಲೈನ್ ಮುಂದೆ ನಿಂತ ಮೊದಲ ದಿನವೇ ಗೊತ್ತಾಗಿ ಬಿಡುತ್ತದೆ.

ಹೆಸರಿನ ಸ್ಪೆಲಿಂಗ್ ಒಂದಕ್ಷರ ಬೇರೆ ಇದ್ದರೆ ಏನಾಗುತ್ತೆ?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಐಗಿಂತ ಜಾಸ್ತಿ ಜನ ಇಲ್ಲೇ ಎಡವುತ್ತಾರೆ.

ನಮ್ಮಲ್ಲಿ ಹೆಸರಿಗೆ ಇನಿಶಿಯಲ್ ಇರುತ್ತದೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಮಂಜುನಾಥ ಕೆ ಎನ್. ಆಧಾರ್‌ನಲ್ಲಿ ಇಂಗ್ಲಿಷಿನ ಕೊನೆಯ ಎ ಅಕ್ಷರ ಬಿಟ್ಟು ಮಂಜುನಾಥ್. ಪ್ಯಾನ್ ಕಾರ್ಡ್‌ನಲ್ಲಿ ಇನಿಶಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಎಲ್ಲ ಸೇರಿಸಿ ಉದ್ದಕ್ಕೆ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ. ಮದುವೆಯಾದ ಹೆಣ್ಣುಮಕ್ಕಳದ್ದಾದರೆ ಗಂಡನ ಹೆಸರು ಒಂದರಲ್ಲಿ, ಅಪ್ಪನ ಹೆಸರು ಇನ್ನೊಂದರಲ್ಲಿ. ಹುಟ್ಟಿದ ದಿನಾಂಕ ಕೂಡ ಎಷ್ಟೋ ಸಲ ಎರಡು ಕಡೆ ಎರಡು ಥರ.

ಗುಮಾಸ್ತರು ನೋಡುವಾಗ "ಇದು ಅದೇ ಹುಡುಗ" ಅಂತ ಮುಖ ನೋಡಿ ಹೇಳುತ್ತಿದ್ದರು. ಯಂತ್ರ ಅಕ್ಷರ ನೋಡುತ್ತದೆ. ಆಧಾರ್‌ಗೂ ಪಿಎಫ್ ದಾಖಲೆಗೂ ಹೆಸರು ಕೂಡದಿದ್ದರೆ ಯುಎಎನ್‌ಗೆ, ಅಂದರೆ ನಿಮ್ಮ ಪಿಎಫ್ ನಂಬರ್‌ಗೆ, ಕೆವೈಸಿ ಆಗುವುದಿಲ್ಲ. ಆಮೇಲೆ ಕೆಲಸ ಬಿಟ್ಟಾಗ ಪಿಎಫ್ ದುಡ್ಡು ತೆಗೆಯಲು ಪರದಾಟ. ಒಂದು ಕಂಪನಿಯಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಬೇರೆ ಹೆಸರು ಹೋಗಿ ಎರಡೆರಡು ಯುಎಎನ್ ಆದವರೂ ಇದ್ದಾರೆ.

ನಿಮ್ಮ ಕೈಲಿ ಆಗುವುದು ಇಷ್ಟು. ಎಸ್‌ಎಸ್‌ಎಲ್‌ಸಿ ಕಾರ್ಡ್‌ನಲ್ಲಿ ಇರುವ ಹೆಸರನ್ನು ಮೂಲ ಅಂತ ಇಟ್ಟುಕೊಂಡು ಆಧಾರ್, ಪ್ಯಾನ್, ಬ್ಯಾಂಕ್ ಮೂರನ್ನೂ ಅದಕ್ಕೆ ಸರಿ ಮಾಡಿಸಿ. ಕೆಲಸ ಹುಡುಕುವ ಮೊದಲೇ ಮಾಡಿಸಿ. ಜಾಯ್ನಿಂಗ್ ದಿನ ಗೇಟ್ ಮುಂದೆ ನಿಂತಾಗ ಇದು ಆಗುವ ಕೆಲಸವಲ್ಲ. ಒಳ್ಳೆಯ ಏಜೆನ್ಸಿ ಇದನ್ನು ಮೊದಲ ದಿನವೇ ನೋಡಿ ಹೇಳುತ್ತದೆ.

ಚಾಟ್‌ಬಾಟ್ ಹತ್ರ ಬಯೋಡೇಟಾ ಬರೆಸಿದರೆ ತಪ್ಪಾ?

ತಪ್ಪಿಲ್ಲ. ಇಂಗ್ಲಿಷ್ ಬಾರದವರಿಗೆ ಇದು ದೊಡ್ಡ ಅನುಕೂಲ. ಕನ್ನಡದಲ್ಲಿ ಹೇಳಿ, ಇಂಗ್ಲಿಷ್‌ನಲ್ಲಿ ಬರೆಸಿಕೊಳ್ಳಬಹುದು. ಆದರೆ ಅದು ಬರೆದದ್ದನ್ನು ಓದಿಸಿಕೊಂಡು ಅರ್ಥ ಮಾಡಿಕೊಳ್ಳಿ. ಇಲ್ಲದ ಅನುಭವವನ್ನೂ ಸಲೀಸಾಗಿ ಸೇರಿಸಿ ಬಿಡುತ್ತದೆ. ಆಧಾರ್ ನಂಬರ್, ಬ್ಯಾಂಕ್ ವಿವರ ಅದಕ್ಕೆ ಕೊಡಲೇಬೇಡಿ.

ಮೆಷಿನ್ ಆದರೆ ಶಿಫಾರಸು ಇಲ್ಲ, ಜಾತಿ ಇಲ್ಲ, ಭೇದ ಇಲ್ಲ. ಅದು ಒಳ್ಳೇದಲ್ವಾ?

ಹಾಗಿದ್ದರೆ ನನಗೂ ಸಂತೋಷವೇ. ಆದರೆ ಯಂತ್ರ ಕಲಿಯುವುದು ಹಳೆಯ ದಾಖಲೆ ನೋಡಿ. ಹಿಂದೆ ಯಾರನ್ನು ತಗೊಂಡಿದ್ದರೋ ಅಂಥವರೇ ಒಳ್ಳೆಯವರು ಅಂತ ತಿಳಿಯುತ್ತದೆ.

ಅಮೆಜಾನ್ ಕಥೆ ಇದಕ್ಕೆ ಸಾಕ್ಷಿ. ಹತ್ತು ವರ್ಷದ ಬಯೋಡೇಟಾಗಳನ್ನು ತೋರಿಸಿ ಅವರು ಒಂದು ಸಾಧನಕ್ಕೆ ಕಲಿಸಿದ್ದರು. ಅದರಲ್ಲಿ ಗಂಡಸರದ್ದೇ ಜಾಸ್ತಿ. ಹಾಗಾಗಿ "ಮಹಿಳೆಯರ" ಅನ್ನುವ ಪದ ಕಂಡ ಬಯೋಡೇಟಾಗಳಿಗೆ ಅದು ಅಂಕ ಕಡಿಮೆ ಮಾಡುತ್ತಿತ್ತು. ಅಮೆಜಾನ್ ಅದನ್ನು ಕೈಬಿಟ್ಟಿತು. ಈ ಸಂಗತಿ 2018ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ವರದಿಯಿಂದ ಹೊರಬಂತು. ವಿಡಿಯೋ ಇಂಟರ್‌ವ್ಯೂನಲ್ಲಿ ಮುಖಭಾವ ನೋಡಿ ಅಳೆಯುತ್ತಿದ್ದ ಹೈರ್‌ವ್ಯೂ ಅನ್ನುವ ಕಂಪನಿ ಕೂಡ ಟೀಕೆ ಜೋರಾದ ಮೇಲೆ ಮುಖ ನೋಡುವುದನ್ನು ನಿಲ್ಲಿಸಿತು. ಅದನ್ನು ಹೇಳಿದ್ದು 2021ರಲ್ಲಿ.

ನಮ್ಮ ಜಿಲ್ಲೆಯಲ್ಲಿ ನಾನು ಹೆದರುವುದು ಮುಖ್ಯವಾಗಿ ದೂರದ ಲೆಕ್ಕಕ್ಕೆ. ಫ್ಯಾಕ್ಟರಿಯಿಂದ ಇಷ್ಟು ಕಿಲೋಮೀಟರ್ ಒಳಗಿನವರು ಸಾಕು ಅಂತ ಒಂದು ಗೆರೆ ಹಾಕಿ ಬಿಡುತ್ತಾರೆ. 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿತು. ಅಲ್ಲಿನ ಜನ ಮಾರಿಕುಪ್ಪಂ, ಬಂಗಾರಪೇಟೆಯಿಂದ ರೈಲು ಹತ್ತಿ ದಿನಾ ಬೆಂಗಳೂರಿಗೆ ಹೋಗಿ ದುಡಿದು ಬರುತ್ತಾರೆ. ಅವರ ಬೆಳಗಿನ ದಿನಚರಿ ಯಾವ ಯಂತ್ರಕ್ಕೂ ಗೊತ್ತಿಲ್ಲ. ಇತ್ತ ನಕ್ಷೆಯಲ್ಲಿ ಹತ್ತಿರ ಕಾಣುವ ಶ್ರೀನಿವಾಸಪುರದ ಒಂದು ಹಳ್ಳಿಯಿಂದ ಬೆಳಿಗ್ಗೆ ಆರರ ಶಿಫ್ಟ್‌ಗೆ ಬಸ್ಸೇ ಇರುವುದಿಲ್ಲ. ಗೆರೆಯ ಹೊರಗಿನವನು ವರ್ಷಗಟ್ಟಲೆ ನಿಲ್ಲುತ್ತಾನೆ, ಒಳಗಿನವನು ಎರಡನೇ ವಾರ ಬಿಡುತ್ತಾನೆ.

ಇನ್ನೊಂದು, ಗ್ಯಾಪ್. ಹೆರಿಗೆಗೆ ಅಂತ ಎರಡು ವರ್ಷ ಬಿಟ್ಟವರು, ಅಪ್ಪನಿಗೆ ಕಾಯಿಲೆ ಆಗಿ ತೋಟ ನೋಡಿಕೊಂಡವರು. ಬಯೋಡೇಟಾದಲ್ಲಿ ಅದು ಖಾಲಿ ಜಾಗ. ಯಂತ್ರ ಖಾಲಿ ಜಾಗಕ್ಕೆ ಅಂಕ ಕಳೆಯುವ ಹಾಗೆ ಕಲಿತಿದ್ದರೆ ಅದನ್ನು ಯಾರು ಕೇಳಬೇಕು? ಎಚ್‌ಆರ್‌ಗೆ ಫೋನ್ ಮಾಡಿ "ಮೇಡಂ, ಈ ಹುಡುಗಿನ ಒಂದು ಸಲ ಕರೆದು ನೋಡಿ" ಅಂತ ಹೇಳುವವರು ಬೇಕು. ನಮ್ಮ ದಂಧೆಯಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಕೆಲಸ ಇದೇ.

ಫೋನ್‌ನಲ್ಲಿ ಮೆಷಿನ್ ಮಾತಾಡುತ್ತೆ. ಅದಕ್ಕೆ ನಮ್ಮ ಕನ್ನಡ ಅರ್ಥ ಆಗುತ್ತಾ?

ಮೊದಲಿಗಿಂತ ಎಷ್ಟೋ ಪಾಲು ಚೆನ್ನಾಗಿ ಆಗುತ್ತದೆ. ಕೇಂದ್ರ ಸರ್ಕಾರದ ಭಾಷಿಣಿ ಅನ್ನುವ ಭಾಷಾ ಯೋಜನೆ 2022ರಲ್ಲಿ ಶುರುವಾಯಿತು. ಐಐಟಿ ಮದ್ರಾಸಿನ ಎಐ4ಭಾರತ್ ಕೂಡ ಭಾರತದ ಭಾಷೆಗಳಿಗಾಗಿ ಕೆಲಸ ಮಾಡುತ್ತಿದೆ. ಇವರಿಂದ ಕನ್ನಡಕ್ಕೆ ಒಳ್ಳೆಯದಾಗಿದೆ.

ಆದರೆ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಒಂದೇ ವಾಕ್ಯದಲ್ಲಿ ಕನ್ನಡ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಕೆಜಿಎಫ್‌ನಲ್ಲಿ ತಮಿಳು ಸೇರುತ್ತದೆ. ಜೊತೆಗೆ ಹಿಂದೆ ಟ್ರ್ಯಾಕ್ಟರ್ ಸದ್ದು, ಮಗು ಅಳು. ಅಂಥ ಕರೆಗಳಲ್ಲಿ ಯಂತ್ರ ತಪ್ಪಿ ಹೋಗುತ್ತದೆ. ಅಂಥ ಕರೆ ಬಂದರೆ ಸದ್ದಿಲ್ಲದ ಕಡೆ ಹೋಗಿ, ಚಿಕ್ಕ ವಾಕ್ಯದಲ್ಲಿ ಉತ್ತರ ಕೊಡಿ. ತಪ್ಪಾಗಿ ಕೇಳಿಸಿಕೊಂಡಿದೆ ಅನ್ನಿಸಿದರೆ ಮನುಷ್ಯರ ಜೊತೆ ಮಾತಾಡಬೇಕು ಅಂತ ಹೇಳಿ. ಹಾಗೆ ಕೇಳಲು ಸಂಕೋಚ ಬೇಡ.

ಇದಕ್ಕೆಲ್ಲ ಕಾನೂನು ಇಲ್ವಾ?

ಹೊರದೇಶಗಳಲ್ಲಿ ಬರುತ್ತಿದೆ. ನ್ಯೂಯಾರ್ಕ್ ನಗರದಲ್ಲಿ ನೇಮಕಾತಿಗೆ ಇಂಥ ಸಾಧನ ಬಳಸಿದರೆ ಅದು ಭೇದ ಮಾಡುತ್ತದೆಯೇ ಅಂತ ಹೊರಗಿನವರಿಂದ ತಪಾಸಣೆ ಮಾಡಿಸಬೇಕು. ಅದು 2023ರ ಜುಲೈನಿಂದ ಜಾರಿಯಲ್ಲಿದೆ. ಯುರೋಪಿನ ಎಐ ಕಾಯ್ದೆ 2024ರ ಆಗಸ್ಟ್‌ನಲ್ಲಿ ಬಂತು. ಅದು ನೇಮಕಾತಿಯ ಎಐಯನ್ನು ಹೆಚ್ಚು ಅಪಾಯದ ಪಟ್ಟಿಯಲ್ಲಿ ಇಟ್ಟಿದೆ. ಕೆಲಸದ ಜಾಗದಲ್ಲಿ ಯಂತ್ರದಿಂದ ಭಾವನೆ ಅಳೆಯುವುದನ್ನು 2025ರ ಫೆಬ್ರವರಿಯಿಂದ ಬಹುಮಟ್ಟಿಗೆ ನಿಷೇಧಿಸಿದೆ.

ಅಮೆರಿಕದಲ್ಲಿ ವರ್ಕ್‌ಡೇ ಅನ್ನುವ ಸಾಫ್ಟ್‌ವೇರ್ ಕಂಪನಿಯ ಮೇಲೆ 2023ರಲ್ಲಿ ಒಂದು ಕೇಸ್ ಬಿತ್ತು. ಅರ್ಜಿ ಹಾಕಿದ ಕಡೆಯೆಲ್ಲ ತಿರಸ್ಕಾರವಾಯಿತು, ವಯಸ್ಸು ಮುಂತಾದ ಕಾರಣಕ್ಕೆ ಭೇದವಾಯಿತು ಅನ್ನುವುದು ದೂರು. ಸಾಫ್ಟ್‌ವೇರ್ ಮಾರಿದವರನ್ನು ಉದ್ಯೋಗದಾತರ ಏಜೆಂಟ್ ಅಂತ ಪರಿಗಣಿಸಿ ಕೇಸ್ ಮುಂದುವರಿಸಬಹುದು ಅಂತ 2024ರಲ್ಲಿ ನ್ಯಾಯಾಲಯ ಹೇಳಿತು. ನಮ್ಮಂಥವರು ಇದನ್ನು ಗಮನಿಸಬೇಕು. ಏಜೆನ್ಸಿ ಮಾಡುವ ಕೆಲಸ ಯಂತ್ರ ಮಾಡಿದರೆ, ಏಜೆನ್ಸಿಯ ಹೊಣೆಯೂ ಅದರ ಹಿಂದೆ ಇರುವವರಿಗೆ ಬರಬಹುದು.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲ ಕೊಟ್ಟಿದ್ದಾರೆ. ನಿಮ್ಮ ಮಾಹಿತಿ ತಿದ್ದಿಸುವ, ಅಳಿಸುವಂತೆ ಕೇಳುವ ಹಕ್ಕು ಅದರಲ್ಲಿದೆ. ನೂರಾರು ಜನರ ಆಧಾರ್ ಫೋಟೊಗಳನ್ನು ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಹರಿಯಬಿಡುವ ಏಜೆನ್ಸಿಗಳು ಈಗಲೇ ಆ ಚಾಳಿ ಬಿಡಬೇಕು.

ನರಸಾಪುರದ 2020ರ ಗಲಾಟೆಗೂ ಈ ಮಾತಿಗೂ ಏನು ಸಂಬಂಧ?

ಬಹಳ ಸಂಬಂಧ ಇದೆ. ಕೋಲಾರದಲ್ಲಿ ಕೂತು ಏಜೆನ್ಸಿಗಳ ಭವಿಷ್ಯದ ಬಗ್ಗೆ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

2020ರ ಡಿಸೆಂಬರ್ 12, ಶನಿವಾರ ಬೆಳಿಗ್ಗೆ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಫ್ಯಾಕ್ಟರಿಯಲ್ಲಿ ಸಂಬಳದ ವಿಷಯಕ್ಕೆ ಸಿಟ್ಟು ಒಡೆಯಿತು. ಗಾಜು, ಯಂತ್ರ, ವಾಹನ ಹಾಳಾದವು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಏಜೆನ್ಸಿಗಳ ಮೂಲಕ ಬಂದ ಕಾಂಟ್ರಾಕ್ಟ್ ಕೆಲಸಗಾರರು. ಆಮೇಲೆ ರಾಜ್ಯದ ಕಾರ್ಖಾನೆಗಳ ಇಲಾಖೆ ತಪಾಸಣೆ ಮಾಡಿ ಕಾರ್ಮಿಕ ಕಾನೂನಿನ ಉಲ್ಲಂಘನೆಗಳನ್ನು ಪಟ್ಟಿ ಮಾಡಿತು. ಕೆಲಸದ ಗಂಟೆಗಳ ಲೆಕ್ಕ ಇಡುವ ವ್ಯವಸ್ಥೆ ಸರಿ ಇರಲಿಲ್ಲ, ಅದರಿಂದ ಅಕ್ಟೋಬರ್ ಮತ್ತು ನವೆಂಬರ್ ಸಂಬಳ ಕೆಲವರಿಗೆ ತಡವಾಯಿತು ಅಂತ ಆಪಲ್ ತಾನೇ ಹೇಳಿತು. ವಿಸ್ಟ್ರಾನ್ ಕ್ಷಮೆ ಕೇಳಿತು. 2023ರಲ್ಲಿ ಆ ಫ್ಯಾಕ್ಟರಿ ಟಾಟಾ ಎಲೆಕ್ಟ್ರಾನಿಕ್ಸ್ ಕೈಗೆ ಬಂತು.

ಗಲಾಟೆ ಮಾಡಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಆ ಹುಡುಗರ ಜಾಗದಲ್ಲಿ ನಿಂತು ನೋಡಿ. ಹಾಜರಿ ಹಾಕುವುದು ಯಂತ್ರ. ಸಂಬಳ ಕೊಡುವುದು ಏಜೆನ್ಸಿ. ಕೆಲಸ ಹೇಳುವುದು ಫ್ಯಾಕ್ಟರಿಯ ಸೂಪರ್‌ವೈಸರ್. ಓಟಿ (ಹೆಚ್ಚುವರಿ ಗಂಟೆ ದುಡಿದ ದುಡ್ಡು) ಯಾಕೆ ಬಂದಿಲ್ಲ ಅಂದರೆ ಕಂಪನಿಯವರು ಏಜೆನ್ಸಿಯನ್ನು ಕೇಳಿ ಅನ್ನುತ್ತಾರೆ, ಏಜೆನ್ಸಿಯವರು ಕಂಪನಿಯಿಂದ ಡೇಟಾ ಬಂದಿಲ್ಲ ಅನ್ನುತ್ತಾರೆ. ನಡುವೆ ನಿಂತವನಿಗೆ ಮನೆ ಬಾಡಿಗೆ ಕಟ್ಟಬೇಕು.

ಇದಕ್ಕೆ ಎಐ ಸೇರಿದರೆ ಕೈ ತೋರಿಸಲು ಇನ್ನೊಂದು ಕಡೆ ಸಿಕ್ಕಿತು. "ಸಿಸ್ಟಮ್‌ನಲ್ಲಿ ಹಾಗೆ ತೋರಿಸ್ತಿದೆ" ಅನ್ನುವ ಮಾತು ಈಗಲೇ ಜಾಸ್ತಿ ಆಗಿದೆ. ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು: ತಂತ್ರಜ್ಞಾನ ಬರಲಿ, ಆದರೆ ಪ್ರತಿ ಫ್ಯಾಕ್ಟರಿಯ ಗೇಟ್ ಹತ್ತಿರ ಏಜೆನ್ಸಿಯ ಒಬ್ಬ ಮನುಷ್ಯ ಇರಬೇಕು. ಸಂಬಳ ಬಂದ ಮಾರನೇ ದಿನ ಅವನು ಅಲ್ಲಿ ಕೂತು ಸ್ಲಿಪ್ ಹಿಡಿದುಕೊಂಡು ಬಂದವರ ಲೆಕ್ಕ ನೋಡಬೇಕು.

ಸಂಬಳ ಬರದಿದ್ದರೆ ಯಾರನ್ನು ಹಿಡೀಬೇಕು?

ಮೊದಲು ಏಜೆನ್ಸಿ. ಅವರು ಕೊಡದಿದ್ದರೆ ಕೊಡುವ ಹೊಣೆ ಮೂಲ ಉದ್ಯೋಗದಾತರದ್ದು, ಅಂದರೆ ನೀವು ದುಡಿಯುವ ಕಂಪನಿಯದ್ದು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇದು ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ಕೆಲಸ ಬಿಟ್ಟರೆ ಎರಡು ಕೆಲಸದ ದಿನಗಳಲ್ಲಿ ಬಾಕಿ ಸಂಬಳ ಕೊಡಬೇಕು. ಎಲ್ಲರಿಗೂ ನೇಮಕಾತಿ ಪತ್ರ ಕೊಡಲೇಬೇಕು.

ಒಂದು ಬದಲಾವಣೆ ನನಗೆ ಆತಂಕ ತಂದಿದೆ. ಮೊದಲು 20 ಗುತ್ತಿಗೆ ಕೆಲಸಗಾರರಿದ್ದರೆ ಗುತ್ತಿಗೆ ಕಾರ್ಮಿಕರ ಕಾನೂನು ಅನ್ವಯಿಸುತ್ತಿತ್ತು. ಈಗ ಆ ಮಿತಿ 50ಕ್ಕೆ ಏರಿದೆ. ಸಣ್ಣ ಸಣ್ಣ ಕಾಂಟ್ರಾಕ್ಟರ್‌ಗಳ ಕೈಕೆಳಗೆ ಇರುವವರು ಇನ್ನಷ್ಟು ಹುಷಾರಾಗಿರಬೇಕು.

ಪಿಎಫ್‌ಗೆ ನಿಮ್ಮ ಪಾಲು ಶೇಕಡಾ 12. ಮೂಲ ಸಂಬಳ 15,000 ಇದ್ದರೆ 1,800 ರೂಪಾಯಿ. ಇಎಸ್‌ಐಗೆ ನಿಮ್ಮ ಪಾಲು ಶೇಕಡಾ 0.75, ಮಾಲೀಕರ ಪಾಲು 3.25. ಸಂಬಳದಲ್ಲಿ ಕಟ್ ಆಗಿದ್ದು ನಿಜವಾಗಿ ಜಮಾ ಆಗಿದೆಯಾ ಅಂತ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ಪ್ರತಿ ತಿಂಗಳು ನೋಡಿ.

ಕೆಲಸಕ್ಕೆ ದುಡ್ಡು ಕೇಳ್ತಿದಾರೆ. ಕೊಡಬಹುದಾ?

ಬೇಡ. ರಿಜಿಸ್ಟ್ರೇಷನ್, ಯೂನಿಫಾರ್ಮ್, ಟ್ರೇನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್, ಯಾವ ಹೆಸರಿನಲ್ಲಿ ಕೇಳಿದರೂ ಬೇಡ. ನಮ್ಮ ಫೀಸ್ ಕಂಪನಿ ಕೊಡುತ್ತದೆ. ಎರಡೂ ಕಡೆ ತಗೊಳ್ಳುವುದು ಬಡವರ ಮನೆಗೆ ಕೈ ಹಾಕಿದ ಹಾಗೆ.

ಎಐ ಬಂದ ಮೇಲೆ ಮೋಸ ಮಾಡುವುದು ಸಲೀಸಾಗಿದೆ. ದೊಡ್ಡ ಕಂಪನಿಯ ಲೋಗೋ ಹಾಕಿದ, ಒಂದಕ್ಷರ ತಪ್ಪಿಲ್ಲದ ಆಫರ್ ಲೆಟರ್ ನಿಮಿಷದಲ್ಲಿ ತಯಾರಾಗುತ್ತದೆ. ಹಿಂದೆ ಕೆಟ್ಟ ಇಂಗ್ಲಿಷ್ ನೋಡಿ ನಕಲಿ ಅಂತ ಹೇಳಬಹುದಿತ್ತು, ಈಗ ಆಗುವುದಿಲ್ಲ. ದನಿಯನ್ನೂ ನಕಲು ಮಾಡುತ್ತಾರೆ. ಆದ್ದರಿಂದ ಲೆಟರ್ ಬಂದರೆ ಫ್ಯಾಕ್ಟರಿಯ ಗೇಟ್‌ಗೇ ಹೋಗಿ ವಿಚಾರಿಸಿ. ನರಸಾಪುರ ಏನು ದೂರವಾ? ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೊರದೇಶದ ಕೆಲಸಕ್ಕೆ ನಿಯಮ ಬೇರೆ. 1983ರ ವಲಸೆ ಕಾಯ್ದೆಯ ಪ್ರಕಾರ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ಸರ್ವಿಸ್ ಚಾರ್ಜ್ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟ್ ಹೆಸರು ಇದೆಯಾ ನೋಡಿ. ಡೇಟಾ ಎಂಟ್ರಿ ಕೆಲಸ ಅಂತ ನಂಬಿ ಹೋದ ಭಾರತದ ಹುಡುಗರು ಕಾಂಬೋಡಿಯಾ, ಮ್ಯಾನ್ಮಾರ್‌ಗಳಲ್ಲಿ ಸೈಬರ್ ವಂಚಕರ ಕೈಗೆ ಸಿಕ್ಕಿ ನರಳಿದ್ದಾರೆ. ಟೂರಿಸ್ಟ್ ವೀಸಾದಲ್ಲಿ ಕೆಲಸಕ್ಕೆ ಕಳಿಸುತ್ತೇನೆ ಅಂದವರ ಜೊತೆ ಮುಂದಿನ ಮಾತೇ ಬೇಡ.

ನಾನೂ ಸಣ್ಣ ಏಜೆನ್ಸಿ ಇಟ್ಟಿದ್ದೀನಿ. ಈಗ ಏನು ಮಾಡಲಿ?

ಎಐಯನ್ನು ದೂರ ಇಡಬೇಡಿ. ಜಾಹೀರಾತು ಬರೆಯಲು, ಬಯೋಡೇಟಾ ವಿಂಗಡಿಸಲು, ಪಿಎಫ್ ಪಟ್ಟಿಯ ತಪ್ಪು ಹಿಡಿಯಲು ಬಳಸಿ. ಉಳಿದ ಸಮಯದಲ್ಲಿ ಹಳ್ಳಿಗೆ ಹೋಗಿ. ಐಟಿಐ ಕಾಲೇಜಿನ ಮೇಷ್ಟ್ರನ್ನು ಮಾತಾಡಿಸಿ. ಯಾವ ರೂಟಿನಲ್ಲಿ ಕಂಪನಿ ಬಸ್ ತಿರುಗುತ್ತದೆ, ಯಾವ ಊರಿನಿಂದ ಎಷ್ಟು ಜನ ಬಿಟ್ಟರು, ಯಾಕೆ ಬಿಟ್ಟರು, ಬರೆದಿಡಿ. ಆ ಪುಸ್ತಕ ನಿಮ್ಮ ಹತ್ತಿರ ಮಾತ್ರ ಇರುತ್ತದೆ. ಯಾವ ದೊಡ್ಡ ಕಂಪನಿಯ ಸಾಫ್ಟ್‌ವೇರ್‌ಗೂ ಸಿಗುವುದಿಲ್ಲ.

ಒಂದು ವಲಯ ಹಿಡಿಯುವುದೂ ಒಳ್ಳೆಯದು. ವೇಮಗಲ್‌ನಲ್ಲಿ ಟಾಟಾ ಮತ್ತು ಏರ್‌ಬಸ್ ಸೇರಿ ಎಚ್125 ಹೆಲಿಕಾಪ್ಟರ್ ಜೋಡಿಸುವ ಘಟಕ ಬಂದಿದೆ. ನರಸಾಪುರದಲ್ಲಿ ಹೋಂಡಾ 2013ರಿಂದ ಇದೆ. ವಿಮಾನದ ಕೆಲಸಕ್ಕೆ ಬೇಕಾದ ಕೈ ಬೇರೆ, ಸ್ಕೂಟರ್ ಲೈನಿಗೆ ಬೇಕಾದ ಕೈ ಬೇರೆ. ಆ ವ್ಯತ್ಯಾಸ ಬಲ್ಲ ಏಜೆನ್ಸಿಯನ್ನು ಎಚ್‌ಆರ್‌ನವರು ಹುಡುಕಿಕೊಂಡು ಬರುತ್ತಾರೆ. ಎಲ್ಲ ಕೆಲಸಕ್ಕೂ ಎಲ್ಲರನ್ನೂ ಕೊಡುತ್ತೇವೆ ಅನ್ನುವ ಬೋರ್ಡ್ ಇನ್ನು ಸಾಕು.

ಎಂಬಿಎ ಎಚ್‌ಆರ್ ಮುಗಿಸಿದ್ದೀನಿ. ರಿಕ್ರೂಟರ್ ಕೆಲಸಕ್ಕೆ ಸೇರಲಾ?

ಸೇರಿ, ಆದರೆ ಬರೀ ಕರೆ ಮಾಡುವ, ಪಟ್ಟಿ ಮಾಡುವ ಕೆಲಸದಲ್ಲಿ ಉಳಿದುಬಿಡಬೇಡಿ. ಅದು ಮೊದಲು ಹೋಗುವ ಕೆಲಸ. ಪೇರೋಲ್, ಕಾರ್ಮಿಕ ಕಾನೂನು, ಜನರ ಜೊತೆ ಮಾತಾಡಿ ಜಗಳ ಬಗೆಹರಿಸುವುದು, ಇವನ್ನು ಕಲಿಯಿರಿ.

ನಮ್ಮದು ಸಣ್ಣ ಫ್ಯಾಕ್ಟರಿ. ಒಂದು ಎಐ ಟೂಲ್ ತಗೊಂಡರೆ ಏಜೆನ್ಸಿ ಖರ್ಚು ಉಳಿಯುತ್ತಾ?

ಹುಡುಕುವ ಖರ್ಚು ಉಳಿಯಬಹುದು. ದಸರಾ ಮುಗಿದ ಸೋಮವಾರ ಲೈನಿಗೆ ಅರ್ಧ ಜನ ಬಾರದಿದ್ದರೆ ಟೂಲ್‌ಗೆ ಫೋನ್ ಮಾಡಿ ಏನೂ ಆಗುವುದಿಲ್ಲ. ಹತ್ತು ಹದಿನೈದು ಆಫೀಸ್ ಹುದ್ದೆ ಮಾತ್ರ ಇದ್ದರೆ ಟೂಲ್ ಸಾಕು. ಲೈನಿಗೆ ಜನ ಬೇಕಿದ್ದರೆ ಏಜೆನ್ಸಿ ಇಟ್ಟುಕೊಳ್ಳಿ. ಪಿಎಫ್ ಚಲನ್, ಅಂದರೆ ಪಿಎಫ್ ಕಟ್ಟಿದ ರಸೀದಿ, ಪ್ರತಿ ತಿಂಗಳು ಕೇಳಿ ಪಡೆಯಿರಿ. ಅತಿ ಕಡಿಮೆ ಸರ್ವಿಸ್ ಚಾರ್ಜ್ ಹೇಳಿದವರು ಆ ದುಡ್ಡನ್ನು ಕೆಲಸಗಾರರ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದಾರಾ ಅಂತ ನೋಡುವುದು ನಿಮ್ಮ ಹೊಣೆ.

ಸರ್ಕಾರದಿಂದ ಏನೂ ಇಲ್ವಾ?

ಇದೆ. ನ್ಯಾಷನಲ್ ಕೆರಿಯರ್ ಸರ್ವಿಸ್ ತಾಣ 2015ರಿಂದ ಇದೆ, ನೋಂದಣಿ ಉಚಿತ. ಜಿಲ್ಲೆಯ ಉದ್ಯೋಗ ವಿನಿಮಯ ಕಚೇರಿಯವರೂ ಉದ್ಯೋಗ ಮೇಳ ಮಾಡುತ್ತಾರೆ. ಐಟಿಐ ಮುಗಿಸಿದವರು ಅಪ್ರೆಂಟಿಸ್‌ಶಿಪ್‌ಗೆ ಅರ್ಜಿ ಹಾಕುವುದನ್ನು ಮರೆಯಬೇಡಿ.

ಮಗಳನ್ನು ಫ್ಯಾಕ್ಟರಿ ಕೆಲಸಕ್ಕೆ ಕಳಿಸಬಹುದಾ? ಎಲ್ಲಾ ಮೊಬೈಲ್‌ನಲ್ಲೇ ಆಗಿಹೋಯ್ತು, ಯಾರ ಮುಖಾನೂ ನಾವು ನೋಡಿಲ್ಲ

ಅಮ್ಮಂದಿರು ಕೇಳುವ ಪ್ರಶ್ನೆ ಇದು. ನರಸಾಪುರಕ್ಕೂ, ದೇವನಹಳ್ಳಿ ಕಡೆಯ ಫ್ಯಾಕ್ಟರಿಗಳಿಗೂ ಈಗ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಹೋಗುತ್ತಿದ್ದಾರೆ. ಆ್ಯಪ್‌ನಲ್ಲಿ ಅರ್ಜಿ, ಫೋನ್‌ನಲ್ಲಿ ಇಂಟರ್‌ವ್ಯೂ, ವಾಟ್ಸ್ಆ್ಯಪ್‌ಗೆ ಆಫರ್. ಮನೆಯವರಿಗೆ ದಿಗಿಲಾಗುವುದು ಸಹಜ.

ಕಳಿಸಿ, ಅಮ್ಮ. ದುಡಿದ ದುಡ್ಡು ಅವಳ ಹೆಸರಿನ ಖಾತೆಗೇ ಬರಲಿ. ಆದರೆ ಕಳಿಸುವ ಮೊದಲು ಏಜೆನ್ಸಿಯವರನ್ನು ಇಷ್ಟು ಕೇಳಿ. ರೋಲ್ ಯಾರದ್ದು, ಕಂಪನಿಯದ್ದಾ, ಏಜೆನ್ಸಿಯದ್ದಾ? ಕೈಗೆ ಎಷ್ಟು ಬರುತ್ತದೆ, ಊಟ, ಬಸ್ಸಿಗೆ ಎಷ್ಟು ಕಟ್ ಆಗುತ್ತದೆ? ರಾತ್ರಿ ಪಾಳಿ ಇದೆಯಾ? ಸಂಜೆ 7ರ ಮೇಲೆ, ಬೆಳಿಗ್ಗೆ 6ರ ಒಳಗೆ ಹೆಣ್ಣುಮಕ್ಕಳು ಕೆಲಸ ಮಾಡಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡು ಕಂಪನಿಯೇ ಮಾಡಬೇಕು. ಬಸ್ ನಿಮ್ಮ ಊರ ಬಾಗಿಲಿಗೆ ಬರುತ್ತದಾ, ಕ್ರಾಸ್‌ನಲ್ಲಿ ಇಳಿಸಿ ಹೋಗುತ್ತದಾ? ಹಾಸ್ಟೆಲ್ ಆದರೆ ವಾರ್ಡನ್ ಯಾರು, ಒಂದು ಸಲ ನೀವೇ ಹೋಗಿ ನೋಡಬಹುದಾ?

ಕೊನೆಗೆ, ರಾತ್ರಿ ಹನ್ನೊಂದಕ್ಕೆ ಅವಳಿಗೆ ಹುಷಾರಿಲ್ಲದಿದ್ದರೆ ಫೋನ್ ಎತ್ತುವ ಒಬ್ಬರ ಹೆಸರು, ನಂಬರ್ ಕೇಳಿ ಪಡೆಯಿರಿ. ಕಸ್ಟಮರ್ ಕೇರ್ ನಂಬರ್ ಕೊಟ್ಟರೆ ಒಪ್ಪಬೇಡಿ. ಹೆಸರು ಹೇಳಿ ನಂಬರ್ ಕೊಡುವ ಏಜೆನ್ಸಿ ಸಿಗುವವರೆಗೆ ಹುಡುಕಿ.